ಮೇಲಿನಂತೆ ಎಂದು ಬರೆದ ಸೋಮವಾರಗಳು

ಆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಟೋಪಿಯಕ್ಕ ಎಂದರೆ ಸಾಕು, ಲಿಫ್ಟಿನವನಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಗೊತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತಣ್ಣಗೆ ಕೂತಿತ್ತು, ಅದನ್ನು ಹಿಡಿದು ಅವಳನ್ನು ಕರೆದವರು ಯಾರೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅವಳ ಕೆಲಸ ಒಂದೇ. ಖಿನ್ನತೆ ಹಿಡಿದು ಮಂಕಾಗಿ ಬಂದವರನ್ನು ದೊಡ್ಡ ಕುರ್ಚಿಯಲ್ಲಿ ಒರಗಿಸಿ ಕೂರಿಸಬೇಕು, ತಲೆಗೆ ಬಿಗಿಯಾದ ಬಟ್ಟೆಯ ಟೋಪಿ ತೊಡಿಸಬೇಕು, ಟೋಪಿಯ ಮೇಲೆ ಗುರುತು ಹಾಕಿದ ಜಾಗಕ್ಕೆ ಅಯಸ್ಕಾಂತದ ಸುರುಳಿಯನ್ನು ತಾಗಿಸಿ ಯಂತ್ರ ಚಾಲೂ ಮಾಡಬೇಕು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಸುರುಳಿ ಬುರುಡೆಯ ಹೊರಗೇ ನಿಂತು ಟಕ್ ಟಕ್ ಟಕ್ ಎಂದು ಮರಕುಟಿಗನ ಹಾಗೆ ಅರ್ಧ ಗಂಟೆ ಕುಟ್ಟುತ್ತದೆ. ವಾರಕ್ಕೆ ಐದು ದಿನ, ಒಟ್ಟು ಆರು ವಾರ. ಮಾತ್ರೆಗೆ ಬಗ್ಗದವರಿಗೆ ಈ ಕುಟ್ಟುವಿಕೆ.

ಟೋಪಿಯಕ್ಕ ಒಳ್ಳೆಯವಳು. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಹೋದರೆ ನೀವು ನಂಬುವುದಿಲ್ಲ. ಮೊದಲ ದಿನ ಯಾರೇ ಬಂದರೂ, "ಹೆದರಬೇಡಿ. ಊರಲ್ಲಿ ಟೋಪಿ ಹಾಕೋರು ಬೇಕಾದಷ್ಟು ಜನ ಇದ್ದಾರೆ, ಹೇಳಿ ಕೇಳಿ ಹಾಕೋಳು ನಾನೊಬ್ಬಳೇ" ಎನ್ನುತ್ತಿದ್ದಳು. ಹನ್ನೊಂದು ವರ್ಷ ಅದೇ ಜೋಕು, ಅದೇ ರಾಗ. ಕೆಲವರು ನಗುತ್ತಿದ್ದರು. ಕೆಲವರು ಗೋಡೆ ನೋಡುತ್ತಿದ್ದರು.

ಈ ಚಿಕಿತ್ಸೆಯ ಪೀಕಲಾಟವೇನೆಂದರೆ, ಕೆಲವರಿಗೆ ಮೂರನೇ ವಾರಕ್ಕೇ ಮುಖದಲ್ಲಿ ಕಳೆ ಬರುತ್ತದೆ. ತಲೆ ಬಾಚಿಕೊಂಡು ಬರುತ್ತಾರೆ, ಕುರ್ಚಿ ಗಟ್ಟಿ ಇದೆ ಎಂದು ದೂರು ಹೇಳುತ್ತಾರೆ. ಇನ್ನು ಕೆಲವರಿಗೆ ಆರು ವಾರ ಕುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಯಾರಿಗೆ ಹಿಡಿಯುತ್ತದೆ, ಯಾರಿಗಿಲ್ಲ ಎಂದು ಮೊದಲೇ ಗೊತ್ತಾಗುವ ಹಾಗಿದ್ದರೆ? ದೊಡ್ಡ ಡಾಕ್ಟರು ನಾಲ್ಕು ವರ್ಷದಿಂದ ಇದನ್ನೇ ತಲೆಗೆ ಹಚ್ಚಿಕೊಂಡಿದ್ದರು. ಬಂದವರ ಮಿದುಳಿನ ಅಲೆಗಳನ್ನು ಕಂಪ್ಯೂಟರಿನಲ್ಲಿ ಹಿಡಿದು, ಗೆರೆಗಳನ್ನು ನೋಡಿ ಭವಿಷ್ಯ ಹೇಳುವ ಪ್ರಯತ್ನ. ನಲವತ್ತು ಜನರ ಮೇಲೆ ಅಧ್ಯಯನ ನಡೆದಿತ್ತು.

ಟೋಪಿಯಕ್ಕ ತನ್ನ ಪಾಡಿಗೆ ತಾನು ಇನ್ನೊಂದು ಅಧ್ಯಯನ ನಡೆಸುತ್ತಿದ್ದಳು. ಹಾಗೆಂದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ಮೊದಲ ದಿನ ಮುಗಿದ ಮೇಲೆ ರಿಜಿಸ್ಟರಿನ ಕೊನೆಯ ಪುಟದಲ್ಲಿ ಆ ರೋಗಿಯ ನಂಬರಿನ ಮುಂದೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದಳು, ಇಲ್ಲವೇ ಹಾಗೇ ಬಿಡುತ್ತಿದ್ದಳು. ಚುಕ್ಕೆ ಇದ್ದರೆ, ಇವರು ಗುಣವಾಗುತ್ತಾರೆ. ಇಲ್ಲದಿದ್ದರೆ, ಆಗುವುದಿಲ್ಲ. ನರ್ಸುಗಳು ಟೀ ಕುಡಿಯುವಾಗ, "ಏನಕ್ಕಾ, ಹೊಸಬರಿಗೆ ಚುಕ್ಕೆ ಬಿತ್ತಾ?" ಎಂದು ಕೇಳುತ್ತಿದ್ದರು. ಅವಳು ಹೇಳಿದ್ದು ಹೇಳಿದ ಹಾಗೇ ಆಗುತ್ತಿತ್ತು. ಅವಳಿಗೆ ಒಳಗೊಳಗೇ ಜಂಬ. ಇರದೆ ಇರುತ್ತದೆಯೇ?

ಒಂದು ಬುಧವಾರ ದೊಡ್ಡ ಡಾಕ್ಟರು ಅವಳನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಅವಳ ರಿಜಿಸ್ಟರು, ಕೊನೆಯ ಪುಟ ಬಿಚ್ಚಿಕೊಂಡು ಕೂತಿತ್ತು. ಸರ್ಕಾರಿ ಪುಸ್ತಕದಲ್ಲಿ ಗೀಚಿದ್ದಕ್ಕೆ ಬೈಗುಳ ಎಂದುಕೊಂಡಳು.

"ಇದೇನಮ್ಮ, ಈ ಚುಕ್ಕೆ?"

"ಸುಮ್ನೆ ಸರ್. ತಮಾಷೆಗೆ. ಅಳಿಸಿಬಿಡ್ತೀನಿ."

"ಅಳಿಸಿದ್ರೆ ನೋಡಿ ಮತ್ತೆ!" ಡಾಕ್ಟರು ಎದ್ದೇ ನಿಂತರು. "ನಲವತ್ತು ಜನ. ನನ್ನ ಕಂಪ್ಯೂಟರು ಇಪ್ಪತ್ತೈದು ಜನರ ವಿಷಯದಲ್ಲಿ ಸರಿ ಹೇಳಿದೆ. ನಿಮ್ಮ ಚುಕ್ಕೆ ಮೂವತ್ನಾಲ್ಕು! ನಾಲ್ಕು ವರ್ಷ ನಾನು ಗೆರೆ ಎಣಿಸ್ತಾ ಕೂತಿದ್ದೀನಿ, ನೀವು ಪೆನ್ಸಿಲಲ್ಲಿ ಮುಗಿಸಿಬಿಟ್ಟಿದ್ದೀರಿ. ಏನು ನೋಡ್ತೀರಿ ಅವರಲ್ಲಿ? ಕಣ್ಣಾ? ನಡಿಗೆನಾ? ಬರೆದುಕೊಡಿ. ಮುಂದಿನ ತಿಂಗಳ ಸಮ್ಮೇಳನದಲ್ಲಿ ನಿಮ್ಮನ್ನೇ ವೇದಿಕೆಗೆ ಹತ್ತಿಸ್ತೀನಿ."

ಟೋಪಿಯಕ್ಕ ನೆಲದ ಮೇಲೆ ನಡೆಯಲಿಲ್ಲ ಅಂದು. ಮನೆಗೆ ಹೋದವಳೇ ಗಂಡನಿಗೆ ಹೇಳಿದಳು. ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು, ಉಗುರಿನ ಸಂದಿಯಲ್ಲಿ ಸದಾ ಯಾವುದಾದರೊಂದು ಬಣ್ಣ, ಅವತ್ತು ಹಸಿರು. "ವೇದಿಕೆ ಮೇಲಾ? ಮೈಕಲ್ಲಾ? ನೀನಾ?" ಎಂದು ಮೂರು ಸಲ ಕೇಳಿ, "ಆ ಟೋಪಿ ಜೋಕು ಮಾತ್ರ ಅಲ್ಲಿ ಹೇಳಬೇಡ ಕಣೇ, ಪುಣ್ಯ ಬರುತ್ತೆ" ಎಂದು ನಕ್ಕ. ನಕ್ಕರೂ, ಪಕ್ಕದ ಮನೆಯವರಿಗೆ ಹೇಳಿಬರಲು ಅವನೇ ಮೊದಲು ಓಡಿದ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಬರೆಯಲು ಕೂತಳು. ಒಂದು ಬಿಳಿ ಹಾಳೆ, ಮೇಲೆ "ನಾನು ಗಮನಿಸುವುದು" ಎಂದು ಬರೆದು ಅಡಿಗೆರೆ ಎಳೆದಳು. ಮುಂದೆ ಪೆನ್ನು ಓಡಲಿಲ್ಲ. ಏನು ಗಮನಿಸುತ್ತೇನೆ ನಾನು? ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡರೆ ಹೊಳೆದೀತು ಎಂದು ಸೋಮವಾರದ ರಿಜಿಸ್ಟರನ್ನು ತೆಗೆದಳು.

ಈ ಸೋಮವಾರದ ವಿಷಯ ಸ್ವಲ್ಪ ಹೇಳಬೇಕು. ಒಬ್ಬೊಬ್ಬರಿಗೂ ಒಂದೊಂದು ಟೋಪಿ. ಮೊದಲ ದಿನ ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಗಂಟಿನ ತನಕ, ಈ ಕಿವಿಯಿಂದ ಆ ಕಿವಿಯ ತನಕ ಅಳೆಯಬೇಕು. ಆಮೇಲೆ ಸುರುಳಿಯನ್ನು ತಲೆಯ ಎಡಗಡೆ ಅಲ್ಲಿ ಇಲ್ಲಿ ಇಟ್ಟು ಒಂದೊಂದೇ ಸಲ ಕುಟ್ಟಿಸಿ ನೋಡಬೇಕು. ಒಂದು ಕಡೆ ಇಟ್ಟಾಗ ಬಲಗೈ ಹೆಬ್ಬೆರಳು ತಾನಾಗಿ ತಟಕ್ಕನೆ ಜಿಗಿಯುತ್ತದೆ. ಆ ಜಾಗಕ್ಕೊಂದು ಗುರುತು. ಅಲ್ಲಿಂದ ಐದೂವರೆ ಸೆಂಟಿಮೀಟರು ಮುಂದಕ್ಕೆ ಅಳೆದರೆ ಖಿನ್ನತೆಗೆ ಕುಟ್ಟಬೇಕಾದ ಜಾಗ. ಅದಕ್ಕೆ ಕೆಂಪು ಗುರುತು. ಟೋಪಿಗಳನ್ನು ಶನಿವಾರ ಒಗೆದು ಥರ್ಮಾಕೋಲಿನ ಬೋಳು ತಲೆಗಳ ಮೇಲೆ ಒಣಗಹಾಕುತ್ತಿದ್ದರು. ಒಗೆದ ಟೋಪಿ ಸಡಿಲವಾಗುತ್ತದೆ, ಗುರುತು ಜಾರುತ್ತದೆ. ಹಾಗಾಗಿ ಪ್ರತಿ ಸೋಮವಾರ ಎಲ್ಲವನ್ನೂ ಹೊಸದಾಗಿ ಅಳೆದು ಆ ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮ. ನಿಯಮ ಮಾಡಿದವರಿಗೇನು? ಯಂತ್ರ ಒಂದೇ, ದಿನಕ್ಕೆ ಎಂಟು ಜನ, ಅಳತೆಗೆ ತಲಾ ಕಾಲು ಗಂಟೆ. ಸೋಮವಾರ ಬಂತೆಂದರೆ ಟೋಪಿಯಕ್ಕನಿಗೆ ಊಟವೂ ಇಲ್ಲ, ಆರೂಕಾಲರ ಬಸ್ಸೂ ಇಲ್ಲ. ಒಬ್ಬಿಬ್ಬರ ಅಳತೆ ಬಿಟ್ಟರೆ ಬಸ್ಸು ಸಿಗುತ್ತಿತ್ತು.

ಅವಳು ರಿಜಿಸ್ಟರಿನ ಪುಟ ತಿರುಗಿಸಿದಳು. ಚುಕ್ಕೆ ಬಿದ್ದವರ ಪುಟಗಳಲ್ಲಿ ಆರು ಸೋಮವಾರಕ್ಕೆ ಆರು ಅಳತೆ, ಅಚ್ಚುಕಟ್ಟಾಗಿ. ಒಂದು ವಾರ ಮೂವತ್ತೈದೂವರೆ, ಇನ್ನೊಂದು ವಾರ ಮೂವತ್ತಾರಕ್ಕೆ ಒಂದೆಳೆ ಕಡಿಮೆ. ಚುಕ್ಕೆ ಇಲ್ಲದ ಮೊದಲ ಪುಟ ಬಂತು. ಮೊದಲ ಸೋಮವಾರ ಅಳತೆ ಇದೆ. ಎರಡನೆಯದರ ಮುಂದೆ "ಮೇಲಿನಂತೆ". ಮೂರನೆಯದು, ಮೇಲಿನಂತೆ. ನಾಲ್ಕು, ಐದು, ಆರು, ಮೇಲಿನಂತೆ. ಅವಳದೇ ಅಕ್ಷರ, ಅವಳದೇ ಉದ್ದ ಬಾಲದ 'ತೆ'.

ಇನ್ನೊಂದು ಪುಟ. ಅದೂ ಹಾಗೇ. ಚುಕ್ಕೆ ಇಲ್ಲದವರು ಹದಿನಾಲ್ಕು ಜನ. ಅವರಲ್ಲಿ ಹನ್ನೊಂದು ಜನರ ಸೋಮವಾರಗಳು "ಮೇಲಿನಂತೆ". ಚುಕ್ಕೆ ಬಿದ್ದ ಇಪ್ಪತ್ತಾರು ಜನರಲ್ಲಿ ಹುಡುಕಿದರೂ ಅಂಥದ್ದೊಂದು ಸಿಗಲಿಲ್ಲ. ಅಳತೆ ಬಿಡಬೇಕಾಗಿ ಬಂದಾಗ ಯಾರದ್ದನ್ನು ಬಿಡುವುದೆಂದು ಅವಳು ಯಾವತ್ತೂ ಕೂತು ಯೋಚಿಸಿದ್ದಿಲ್ಲ. ಕೈ ತಾನಾಗಿ ಆರಿಸಿಕೊಂಡಿತ್ತು. ಹೇಗೂ ಇವರಿಗೆ ಹಿಡಿಯುವುದಿಲ್ಲವಲ್ಲ.

ಚುಕ್ಕೆ ಇಲ್ಲದೆಯೂ ಗುಣವಾದವರು ಇಬ್ಬರಿದ್ದರು. ಅವರಲ್ಲೊಬ್ಬರು ನಿವೃತ್ತ ಮೇಷ್ಟ್ರು, ಮಹಾ ಜಗಳಗಂಟರು. ಪ್ರತಿ ಸೋಮವಾರ ಕುರ್ಚಿಯಲ್ಲಿ ಕೂರುವ ಮೊದಲೇ, "ಎಲ್ರೀ ಟೇಪು?" ಎಂದು ದಬಾಯಿಸುತ್ತಿದ್ದರು. ಅವರ ಬಾಯಿಗೆ ಹೆದರಿ ಅಳೆದಿದ್ದಳು. ಆ ಪುಟದಲ್ಲಿ ಆರಕ್ಕೆ ಆರು ಅಳತೆ ಇತ್ತು, ಮೇಷ್ಟ್ರು ಆರನೇ ವಾರ ನಗುತ್ತಾ ಹೋಗಿದ್ದರು. ಟೋಪಿಯಕ್ಕ ಆ ಪುಟವನ್ನು ಎರಡೆರಡು ಸಲ ನೋಡಿದಳು.

ಆಮೇಲೆ ಎದ್ದು ಕಪಾಟು ತೆಗೆದಳು. ಮುಗಿದವರ ಟೋಪಿಗಳನ್ನು ವರ್ಷಗಟ್ಟಲೆ ಇಟ್ಟಿರುತ್ತಿದ್ದರು. ಹನ್ನೊಂದು ಟೋಪಿ ಆರಿಸಿ, ಒಂದೊಂದನ್ನೇ ಥರ್ಮಾಕೋಲಿನ ತಲೆಗೆ ತೊಡಿಸಿ, ಮೊದಲ ದಿನದ ಅಳತೆಗೆ ಹೋಲಿಸಿದಳು. ಒಂದರಲ್ಲಿ ಗುರುತು ಅರ್ಧ ಬೆರಳು ಹಿಂದೆ ಸರಿದಿತ್ತು. ಇನ್ನೊಂದರಲ್ಲಿ ಒಂದು ಬೆರಳು. ಒಂದು ಟೋಪಿ ಬೇರೆ ಟೋಪಿಗಳ ಹಾಗೆ ಮುದುಡಿರಲಿಲ್ಲ. ಅಂಗಡಿಯಿಂದ ತಂದ ಕರ್ಚೀಫಿನ ಹಾಗೆ ನಾಲ್ಕು ಮಡಿಕೆ ಮಾಡಿತ್ತು. ಅದು ಯಾರದೆಂದು ನಂಬರು ನೋಡಬೇಕಾಗಿರಲಿಲ್ಲ. ಕನ್ನಡಕದವಳದು. ಅದರಲ್ಲಿ ಗುರುತು ಒಂದು ಬೆರಳಿಗಿಂತ ಜಾಸ್ತಿ ಹಿಂದಕ್ಕೆ ಹೋಗಿತ್ತು.

ಕನ್ನಡಕದವಳು ಎಂದರೆ ಮೂವತ್ತೆಂಟರ ಹೆಂಗಸು, ಅಣ್ಣನ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸಿ, ಫ್ರೇಮು ಬಗ್ಗಿಸಿ, ಗಿರಾಕಿಗಳ ಕಿವಿಗೆ ಹೊಂದಿಸಿ ಕೊಡುವವಳು. ದಿನದ ಕೊನೆಯ ಸರದಿ, ಐದು ಗಂಟೆಯದು. ಆರು ವಾರದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ, ಒಂದು ದಿನವೂ ಹತ್ತು ಮಾತಾಡಿದವಳಲ್ಲ. ಕೊನೆಯ ಶುಕ್ರವಾರ ಟೋಪಿಯಕ್ಕನೇ ಅವಳ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದಳು: "ಕೆಲವರ ತಲೆಗೆ ಇದು ಹಿಡಿಯಲ್ಲ ಕಣಮ್ಮ. ಯಾರ ತಪ್ಪೂ ಅಲ್ಲ ಅದು."

"ಹೌದಕ್ಕಾ. ನನ್ನ ತಲೆ ಅಂಥದ್ದೇ," ಎಂದು ಅವಳು ಟೋಪಿಯನ್ನು ಮಡಿಸಿ ಕೊಟ್ಟಿದ್ದಳು. "ನಿಮಗೆ ಸುಮ್ನೆ ತೊಂದರೆ ಕೊಟ್ಟೆ."

ಯಾರ ತಪ್ಪೂ ಅಲ್ಲವಂತೆ! ಒಂದು ತಿಂಗಳ ಹಿಂದೆ ಆ ಹೆಂಗಸಿನ ಅಣ್ಣ ಆಸ್ಪತ್ರೆಗೆ ಫೋನು ಮಾಡಿದ್ದ. ತಂಗಿ ಮಾತ್ರೆಯನ್ನೂ ಬಿಟ್ಟಿದ್ದಾಳೆ, ಕೌಂಟರಿಗೆ ಬರುವುದನ್ನೂ ಬಿಟ್ಟಿದ್ದಾಳೆ, ಯಾವ ಡಾಕ್ಟರ ಹತ್ತಿರವೂ ಬರುವುದಿಲ್ಲ ಎನ್ನುತ್ತಾಳೆ, 'ನನ್ನ ತಲೆಗೆ ಏನೂ ಹಿಡಿಯಲ್ಲ, ಅವರೇ ಹೇಳಿಬಿಟ್ಟಿದ್ದಾರೆ' ಎಂದು ಒಂದೇ ಹಟ. ಫೋನು ತೆಗೆದದ್ದು ಟೋಪಿಯಕ್ಕನೇ. "ಅಯ್ಯೋ ಪಾಪ" ಎಂದು ಡಾಕ್ಟರಿಗೆ ಹೇಳುವುದಾಗಿ ಹೇಳಿ, ಹೇಳಿಯೂ ಇದ್ದಳು. ಡಾಕ್ಟರು ಬಾರಿ ಬಾರಿ ಕರೆದರೂ ಆ ಹೆಂಗಸು ಬಂದಿರಲಿಲ್ಲ. ಈಗ ಆ ಮಾತು ಟೋಪಿಯಕ್ಕನಿಗೆ ಅರ್ಥವಾಯಿತು. 'ಅವರೇ' ಎಂದರೆ ಡಾಕ್ಟರಲ್ಲ, ತಾನು. ಹಾಳೆಯಲ್ಲಿ ಅಡಿಗೆರೆ ಎಳೆದ ಶೀರ್ಷಿಕೆ ಹಾಗೇ ಉಳಿದಿತ್ತು. ಅದನ್ನು ಹರಿದು ಬುಟ್ಟಿಗೆ ಹಾಕಿದಳು.

ಸಂಜೆ ಮನೆಯಲ್ಲಿ ಬಣ್ಣದವನು ಹೆಂಡತಿಯ ಮುಖ ನೋಡಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ. ಅವಳು ಎಲ್ಲ ಹೇಳಿದಳು. ಅವನು ಸಮಾಧಾನ ಮಾಡಲು ನೋಡಿದ.

"ನೋಡು, ಬೀರು ಹಿಂದಿನ ಗೋಡೆಗೆ ನಾನೂ ಒಂದೇ ಕೋಟು ಹೊಡೀತೀನಿ. ಎಲ್ಲರೂ ಹಾಗೇ. ಕೆಲಸ ಅಂದ್ಮೇಲೆ..."

"ಗೋಡೆಗೆ ತಾನು ಬೀರು ಹಿಂದೆ ಇದ್ದೀನಿ ಅಂತ ಗೊತ್ತಾಗಲ್ಲ ಕಣ್ರೀ."

ಬಣ್ಣದವನು ಒಂದೆರಡು ಕಡ್ಡಿ ಸೊಪ್ಪು ಬಿಡಿಸಿ, "ಡಾಕ್ಟರಿಗೆ ಹೇಳಲೇಬೇಕಾ?" ಎಂದ. "ಕೆಲಸ ಹೋದ್ರೆ?"

"ಹೇಳದೆ ಇದ್ರೆ ವೇದಿಕೆ ಹತ್ತಬೇಕಲ್ಲ," ಎಂದಳು ಅವಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಅವನು ಪಕ್ಕದಲ್ಲಿ ಕೂತು, ಹಸಿರು ಉಗುರಿನ ಕೈಯಿಂದ ಅವಳ ಬೆನ್ನು ಸವರಿದ. ಪಕ್ಕದ ಮನೆಯವರಿಗೆ ಈಗ ಏನು ಹೇಳುವುದು ಎಂಬ ಯೋಚನೆ ಅವನಿಗೆ ಬಂದೇ ಬಂದಿತ್ತು, ಪಾಪ, ಆದರೆ ಬಾಯಿ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಎರಡೂ ರಿಜಿಸ್ಟರುಗಳನ್ನೂ ಹನ್ನೊಂದು ಟೋಪಿಗಳನ್ನೂ ಡಾಕ್ಟರ ಮೇಜಿನ ಮೇಲೆ ಇಟ್ಟಳು. ಡಾಕ್ಟರು ಮೊದಲು ನಗುತ್ತಿದ್ದರು. ಪುಟ ತಿರುಗಿಸುತ್ತಾ ಹೋದಂತೆ ನಗು ಹೋಯಿತು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲೆ ಎಸೆದರು.

"ಚುಕ್ಕೆ ಇಟ್ಟಿದ್ದಕ್ಕೆ ಗುಣ ಆದ್ರಾ, ಗುಣ ಆಗೋರಿಗೆ ಚುಕ್ಕೆ ಇಟ್ರಾ, ಈಗ ಹೇಗೆ ಹೇಳಲಿ ನಾನು? ನಿಮ್ಮ ಚುಕ್ಕೆ ಮಾತ್ರ ಅಲ್ಲ, ನನ್ನ ಗೆರೆಗಳ ಕಥೆನೂ ಮುಗೀತು. ಯಾರಿಗೆ ಎಲ್ಲಿ ಕುಟ್ಟಿದ್ವಿ ಅನ್ನೋದೇ ಗೊತ್ತಿಲ್ಲ! ನಾಲ್ಕು ವರ್ಷ, ಅಮ್ಮ. ನಾಲ್ಕು ವರ್ಷ!"

ಟೋಪಿಯಕ್ಕ ತಲೆ ತಗ್ಗಿಸಿ ನಿಂತಳು. ಬೈಗುಳ ಇನ್ನೂ ಜೋರಾಗಿ ಬರಲಿ ಎಂದು ಅವಳಿಗೆ ಅನಿಸುತ್ತಿತ್ತು. ಬರಲಿಲ್ಲ. ಡಾಕ್ಟರು ಕಿಟಕಿಯ ಕಡೆ ತಿರುಗಿ ನಿಂತರು.

"ಸರ್, ಅವರಿಗೆ ಸರಿಯಾದ ಜಾಗಕ್ಕೆ ಕುಟ್ಟಿದ್ರೆ ಗುಣ ಆಗ್ತಿತ್ತಾ?"

"ಆಗ್ತಿತ್ತು ಅಂತ ಹೇಳಕ್ಕಾಗಲ್ಲ. ಆಗ್ತಿರಲಿಲ್ಲ ಅಂತಾನೂ ಇನ್ಮೇಲೆ ಯಾರೂ ಹೇಳಕ್ಕಾಗಲ್ಲ," ಎಂದರು. ಆಮೇಲೆ, ಸ್ವಲ್ಪ ತಣ್ಣಗೆ: "ಹನ್ನೊಂದು ಜನರನ್ನೂ ಮತ್ತೆ ಕರೀಬೇಕು. ಯಾಕೆ ಅಂತ ನಿಜಾನೇ ಹೇಳಬೇಕು. ನಾನು ಪತ್ರ ಬರೀತೀನಿ. ವಾರ ವಾರ ನಿಮ್ಮ ರಿಜಿಸ್ಟರಿಗೆ ಸಹಿ ಹಾಕಿದ ಮಹಾನುಭಾವ ನಾನೇ ತಾನೇ, ಒಂದು ದಿನ ಪುಟ ಓದಿದ್ರೆ ಸಾಕಿತ್ತು."

"ಫೋನು ನಾನು ಮಾಡ್ತೀನಿ ಸರ್. ಕನ್ನಡಕದವರ ಹತ್ತಿರ ನಾನೇ ಹೋಗ್ತೀನಿ."

ಹನ್ನೊಂದರಲ್ಲಿ ಒಬ್ಬರು ಫೋನಿನಲ್ಲೇ ಬಾಯಿಗೆ ಬಂದಂತೆ ಬೈದರು. ನಾಲ್ಕು ಜನ ಬರುತ್ತೇವೆ ಎಂದರು. ಮೂವರು ಬೇರೆ ಔಷಧಿಯಲ್ಲಿ ಸುಮಾರಾಗಿದ್ದರು, ಈಗ ಬೇಡ ಎಂದರು. ಒಬ್ಬರು, "ಪರವಾಗಿಲ್ಲ ಬಿಡಿ" ಎಂದರು. ಆ ಪರವಾಗಿಲ್ಲ ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಇನ್ನೊಬ್ಬರ ನಂಬರು ಬರೀ ರಿಂಗಾಗುತ್ತದೆ. ಟೋಪಿಯಕ್ಕ ಇವತ್ತಿಗೂ ಪ್ರತಿ ಸೋಮವಾರ ಆ ನಂಬರಿಗೆ ಫೋನು ಮಾಡುತ್ತಾಳೆ.

ಕನ್ನಡಕದ ಅಂಗಡಿಗೆ ಶನಿವಾರ ಹೋದಳು. ಮುಂದುಗಡೆ ಗಾಜಿನ ಕಪಾಟುಗಳು, ಕೌಂಟರಿನಲ್ಲಿ ಅಣ್ಣ. ಯಾರೆಂದು ಹೇಳಿದೊಡನೆ ಅವನು ಗಿರಾಕಿಯನ್ನು ಬಿಟ್ಟು ಬಂದ. "ಒಳಗಿದ್ದಾಳೆ. ನೀವು ಹೇಳಿದ್ರೆ ಕೇಳ್ತಾಳೇನೋ, ಸ್ವಲ್ಪ ಹೇಳಿ ಅಕ್ಕಾ," ಎಂದು ಕೈಮುಗಿದ. ಕೈಮುಗಿಸಿಕೊಳ್ಳುವ ಮುಖವೇ ಇದು? ಅವಳು ಸರಸರನೆ ಒಳಗೆ ಹೋದಳು.

ಹಿಂದಿನ ಕೋಣೆಯಲ್ಲಿ ಮೇಜಿನ ದೀಪದ ಕೆಳಗೆ ಕನ್ನಡಕದವಳು ಒಂದು ಫ್ರೇಮಿಗೆ ಸಾಸಿವೆಯಷ್ಟು ಸಣ್ಣ ತಿರುಪು ಕೂರಿಸುತ್ತಿದ್ದಳು. ತಲೆ ಬಾಚಿರಲಿಲ್ಲ. ಟೋಪಿಯಕ್ಕನನ್ನು ನೋಡಿ ಎದ್ದು, ತಾನು ಕೂತಿದ್ದ ಸ್ಟೂಲನ್ನೇ ಅವಳ ಕಡೆ ಸರಿಸಿದಳು. ಟೋಪಿಯಕ್ಕ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು: ಚುಕ್ಕೆಯ ವಿಷಯ, ಸೋಮವಾರದ ವಿಷಯ, 'ಮೇಲಿನಂತೆ'ಯ ವಿಷಯ. "ನಿಮ್ಮ ತಲೆ ಅಂಥದ್ದಲ್ಲಮ್ಮ. ಅಂಥದ್ದೋ ಅಲ್ಲವೋ ಅಂತ ನಾನು ನೋಡಲೇ ಇಲ್ಲ. ನೋಡದೇನೇ ಹೇಳಿಬಿಟ್ಟೆ," ಎಂದಳು.

ಕನ್ನಡಕದವಳು ತಿರುಪಿನ ಡಬ್ಬಿಯ ಮುಚ್ಚಳ ಹಾಕಿದಳು.

"ಎರಡನೇ ಸೋಮವಾರ ಟೇಪು ಹೊರಗೆ ಬರಲಿಲ್ಲ. ನಾನು ನೋಡಿದೆ," ಎಂದಳು. "ನಮ್ಮದೂ ಅಳತೆಯ ಕೆಲಸ ಅಲ್ವಾ, ಕಣ್ಣು ಅಲ್ಲಿಗೇ ಹೋಗುತ್ತೆ. ನನಗಿಂತ ಮುಂಚೆ ಇದ್ದವರಿಗೆ ಅಳೆದ್ರಿ. ನನಗೆ ಅಳೀಲಿಲ್ಲ. ಟೋಪಿ ಹಿಂದೆ ಜಾರಿದ್ದೂ ಗೊತ್ತಾಗ್ತಿತ್ತು, ಕುಟ್ಟೋ ಜಾಗ ಬೇರೆ ಅನ್ನಿಸ್ತಿತ್ತು."

"ಅಯ್ಯೋ, ಮತ್ತೆ ಯಾಕಮ್ಮ ಕೇಳಲಿಲ್ಲ?"

"ಕೇಳೋ ಶಕ್ತಿ ಇದ್ದಿದ್ರೆ ನಿಮ್ಮಲ್ಲಿಗೆ ಯಾಕೆ ಬರ್ತಿದ್ದೆ?"

ಟೋಪಿಯಕ್ಕನಿಗೆ ಮೇಷ್ಟ್ರ ದಬಾವಣೆ ನೆನಪಾಯಿತು. ಬಾಯಿದ್ದವರನ್ನು ಅಳೆದೆ, ಬಾಯಿಲ್ಲದವರನ್ನು ಬಿಟ್ಟೆ. ಬಾಯಿ ಹೋಗುವುದೇ ಇವರ ಕಾಯಿಲೆ ಎಂದು ಹನ್ನೊಂದು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲವೇ? ಮುಖ ಎತ್ತಲಾಗದೆ ಮೇಜಿನ ಮೇಲಿನ ಸಣ್ಣ ಉಕ್ಕಿನ ಸ್ಕೇಲನ್ನೇ ನೋಡುತ್ತಾ ನಿಂತಳು.

"ಒಂದು ಮಾತು," ಎಂದಳು ಕನ್ನಡಕದವಳು. "ಮೊದಲನೇ ದಿನಾನೇ ನನಗೆ ಚುಕ್ಕೆ ಇಡಲಿಲ್ಲ ಅಂದ್ರಿ. ನನ್ನಲ್ಲಿ ಏನು ನೋಡಿದ್ರಿ?"

ಡಾಕ್ಟರು ಕೇಳಿದ್ದೂ ಇದನ್ನೇ. ಆಗ ಹೊಳೆಯದ ಉತ್ತರ ಈಗ ಹೊಳೆಯಿತು. ಹೊಳೆದದ್ದೇ ಮೈಯೆಲ್ಲ ಹಿಡಿಯಷ್ಟಾಯಿತು. ಸುಳ್ಳು ಹೇಳಬಹುದಿತ್ತು. ನಡಿಗೆ ಎನ್ನಬಹುದಿತ್ತು, ಕಣ್ಣು ಎನ್ನಬಹುದಿತ್ತು.

"ನನ್ನ ಟೋಪಿ ಜೋಕಿಗೆ ನೀವು ನಗಲಿಲ್ಲ."

"ಅಷ್ಟೇನಾ?"

"ಅಷ್ಟೇ."

ಹೊರಗೆ ಅಣ್ಣ ಯಾರಿಗೋ ಫ್ರೇಮು ತೋರಿಸುವ ಸದ್ದು ಕೇಳುತ್ತಿತ್ತು. ಕನ್ನಡಕದವಳು ಸ್ಟೂಲನ್ನು ತನ್ನ ಕಡೆಗೆ ಎಳೆದುಕೊಂಡು, ಕೂತು, ಫ್ರೇಮನ್ನು ಮತ್ತೆ ಕೈಗೆತ್ತಿಕೊಂಡಳು. "ಹೋಗಿಬನ್ನಿ ಅಕ್ಕಾ," ಎಂದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಟೋಪಿಯಕ್ಕ ಐದು ಗಂಟೆಯ ಸರದಿ ಅವಳಿಗೆಂದೇ ಇಟ್ಟಿರುತ್ತೇನೆಂದು ಹೇಳಿ, ಅಣ್ಣನ ಮುಖ ನೋಡದೆ ಬೀದಿಗಿಳಿದಳು.

ಸೋಮವಾರ ಅವಳು ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಐದರಿಂದ ಆರರ ತನಕ ಟೋಪಿಯಕ್ಕ ಖಾಲಿ ಕುರ್ಚಿಯ ಪಕ್ಕ ಟೇಪು ಹಿಡಿದು ಕೂರುತ್ತಿದ್ದಳು. ಡಾಕ್ಟರು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು, ಆ ಸರದಿಯನ್ನು ಬೇರೆಯವರಿಗೆ ಕೊಡಿ ಎನ್ನಲಿಲ್ಲ. ರಿಜಿಸ್ಟರಿನ ಕೊನೆಯ ಪುಟ ಈಗ ಖಾಲಿ. ನರ್ಸುಗಳು ಟೀ ಹೊತ್ತಿನಲ್ಲಿ ಚುಕ್ಕೆ ಕೇಳಿದರೆ, "ನನಗೇನು ಗೊತ್ತು, ನಾನೇನು ದೇವರಾ?" ಎಂದು ರೇಗುತ್ತಿದ್ದಳು.

ಮೂರನೇ ಸೋಮವಾರ ಐದಕ್ಕೆ ಐದು ನಿಮಿಷ ಇರುವಾಗ ಬಾಗಿಲು ತೆರೆಯಿತು. ಕನ್ನಡಕದವಳು ಒಳಗೆ ಬಂದಳು, ತಲೆ ಇನ್ನೂ ಬಾಚಿರಲಿಲ್ಲ. ಅಣ್ಣ ಹೊರಗೆ ಬೆಂಚಿನ ಮೇಲೆ ಕೂತ. ಟೋಪಿಯಕ್ಕ ಹೊಸ ಟೋಪಿಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಕನ್ನಡಕದವಳು, "ಅದು ಆಮೇಲೆ. ನನ್ನ ಹಳೇ ಟೋಪಿ ಇದೆಯಲ್ಲ, ಅದನ್ನ ಹಾಕಿ," ಎಂದಳು.

ಹಾಕಿದಳು. ಹಳೆಯ ಟೋಪಿಯ ಮೇಲೆ ಹೆಬ್ಬೆರಳಿಗೆಂದು ಇದ್ದ ಗುರುತಿನ ಮೇಲೆ ಸುರುಳಿ ಇಟ್ಟು ಒಂದು ಸಲ ಕುಟ್ಟಿಸಿದಳು. ಟಕ್. ಕುರ್ಚಿಯ ಕೈಯ ಮೇಲೆ ಚಾಚಿದ ಬೆರಳು ಅಲ್ಲಾಡಲಿಲ್ಲ. ಇನ್ನೊಂದು ಸಲ. ಇಲ್ಲ. ಸುರುಳಿಯನ್ನು ಎಳೆಯಷ್ಟು ಎಳೆಯಷ್ಟೇ ಮುಂದಕ್ಕೆ ಸರಿಸುತ್ತಾ ಹೋದಳು. ಇಬ್ಬರೂ ಉಸಿರು ಹಿಡಿದು ಆ ಬೆರಳನ್ನೇ ನೋಡುತ್ತಿದ್ದರು. ಟಕ್. ಇಲ್ಲ. ಟಕ್. ಬೆರಳು ತಟಕ್ಕನೆ ಜಿಗಿಯಿತು. ಮತ್ತೆ ಕುಟ್ಟಿಸಿದಳು, ಮತ್ತೆ ಜಿಗಿಯಿತು.

"ಅಷ್ಟು ದಿನಾನೂ ಇಲ್ಲೇ ಇತ್ತಾ?"

"ಇಲ್ಲೇ ಇತ್ತಮ್ಮ."

ಕನ್ನಡಕದವಳು ಚೀಲದಿಂದ ತನ್ನ ಉಕ್ಕಿನ ಸ್ಕೇಲನ್ನು ತೆಗೆದಳು. ಟೋಪಿಯಕ್ಕನ ಕೈಯಿಂದ ಹೊಸ ಜಾಗಕ್ಕೆ ಗುರುತು ಹಾಕಿಸಿ, ಟೋಪಿ ಕಳಚಿ ತೊಡೆಯ ಮೇಲೆ ಹರಡಿ, ಹಳೆಯ ಗುರುತಿನಿಂದ ಹೊಸದಕ್ಕೆ ಸ್ಕೇಲಿಟ್ಟು ಬಗ್ಗಿ ನೋಡಿದಳು.

"ಹತ್ತೊಂಬತ್ತು ಮಿಲಿಮೀಟರು," ಎಂದಳು. "ನಮ್ಮ ಅಂಗಡೀಲಿ ಎರಡು ತಪ್ಪಿದ್ರೆ ಗಿರಾಕಿಗೆ ತಲೆನೋವು ಬರುತ್ತೆ. ಬರ್ಕೊಳ್ಳಿ."

ಟೋಪಿಯಕ್ಕ ರಿಜಿಸ್ಟರು ಬಿಚ್ಚಿ ಹಳೆಯ 'ಮೇಲಿನಂತೆ'ಗಳ ಕೆಳಗೆ ಬರೆದುಕೊಂಡಳು, ಕಣ್ಣೀರು ಪುಟದ ಮೇಲೆ ಬೀಳದ ಹಾಗೆ ಮುಖ ಒಂದು ಪಕ್ಕಕ್ಕೆ ಹಿಡಿದು. ಬರೆದು ಮುಗಿಸಿ ಟೇಪು ಎತ್ತಿಕೊಂಡು ಮೂಗಿನ ಬುಡದಿಂದ ಅಳತೆ ಶುರು ಮಾಡಿದಳು.

"ಹೊಸ ಟೋಪಿ ಹಾಕಿ ಅಕ್ಕಾ," ಎಂದಳು ಕನ್ನಡಕದವಳು, ಕಣ್ಣು ಮುಚ್ಚಿ ಒರಗುತ್ತಾ. "ಆ ಜೋಕು ಮಾತ್ರ ಹೇಳಬೇಡಿ."

ಟೋಪಿಯಕ್ಕ ಹೇಳಲಿಲ್ಲ. ಅಳತೆ, ಕುಟ್ಟುವಿಕೆ ಎಲ್ಲ ಮುಗಿಯುವಾಗ ಆರೂವರೆಯಾಗಿತ್ತು, ಆರೂಕಾಲರ ಬಸ್ಸು ಹೋಗಿತ್ತು.